ಗೆರೆ ಇಲ್ಲದ ಕಾರ್ಡು

೧೯೬೬ರಲ್ಲಿ ನಾನು ಶಾಲೆ ಬಿಟ್ಟೆ, ಎಂಟನೆಯ ತರಗತಿಯ ಅರ್ಧದಲ್ಲಿ. ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಹೋಗಿತ್ತು. ಕಾಪುವಿನ ನಮ್ಮ ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ. ಅಂಥವನು ಮಣಿಪಾಲದಲ್ಲಿ ಕಂಪ್ಯೂಟರಿನ ಕೋಣೆಯೊಳಗೆ ಹತ್ತು ವರ್ಷ ಕೆಲಸ ಮಾಡಿದೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಶ್ರೀಪತಿ ಉಪಾಧ್ಯರು ನನ್ನನ್ನು ನಂಬಿದ್ದರು. ಅಷ್ಟು ನಂಬಬಾರದಿತ್ತು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಲಗೈಯ ಹೆಬ್ಬೆರಳು. ಆಗ ಕಂಪ್ಯೂಟರಿಗೆ ಏನು ಹೇಳುವುದಿದ್ದರೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಕೊರೆದು ಹೇಳಬೇಕಿತ್ತು, ಒಂದು ಕಾರ್ಡಿಗೆ ಒಂದು ಸಾಲು. ಉಪಾಧ್ಯರು ಕಾರ್ಡನ್ನು ಬೆಳಕಿಗೆ ಹಿಡಿಯುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಎಲ್ಲೋ ನೋಡುತ್ತ, ಹೆಬ್ಬೆರಳನ್ನು ತೂತುಗಳ ಮೇಲೆ ಮೆಲ್ಲಗೆ ಎಳೆದು, ಅದರಲ್ಲಿ ಎಂತ ಉಂಟೆಂದು ಹೇಳಿಬಿಡುತ್ತಿದ್ದರು. ಅದು ಅವರ ಗತ್ತು ಎಂದುಕೊಂಡಿದ್ದೆವು. ಕಣ್ಣು ಹೋಗುತ್ತಿದೆ ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು.

ಅವರು ಮಟ್ಟುವಿನವರು. ಪೂಜೆಯ ಮನೆತನ, ತಂದೆ ಪಂಚಾಂಗ ನೋಡಿ ಮುಹೂರ್ತ ಇಟ್ಟುಕೊಡುತ್ತಿದ್ದರಂತೆ. ಮಗ ಬೊಂಬಾಯಿಗೆ ಹೋಗಿ ಯಂತ್ರದ ಭಾಷೆ ಕಲಿತು ಬಂದರು. ದಿನಾ ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಅಗಲ ಬಾಯಿಯ ಥರ್ಮಾಸು. ಅದರೊಳಗೆ ಐಸು, ಐಸಿನ ನಡುವೆ ಇನ್ಸುಲಿನ್ ಸೀಸೆ. ಸಕ್ಕರೆ ಕಾಯಿಲೆ ಹಳೆಯದು. ಮಧ್ಯಾಹ್ನ ಊಟಕ್ಕೆ ಮೊದಲು ಕಪಾಟಿನ ಮರೆಗೆ ಹೋಗಿ ತಾವೇ ಸೂಜಿ ಚುಚ್ಚಿಕೊಂಡು ಬರುತ್ತಿದ್ದರು. “ನನ್ನ ಒಳಗಿನ ಯಂತ್ರಕ್ಕೂ ದಿನಾ ಒಂದು ಕಾರ್ಡು ಹಾಕ್ಬೇಕು ಮಾರಾಯ” ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಉಡುಪಿಯ ಮುದ್ರಣಾಲಯದಿಂದ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಇಂಗ್ಲಿಷಿನ ಅರ್ಥ ಗೊತ್ತಿಲ್ಲದಿದ್ದರೂ ಅಕ್ಷರ ಒಂದೂ ತಪ್ಪುತ್ತಿರಲಿಲ್ಲ. ಕಾರ್ಡು ಕೊರೆಯುವ ಯಂತ್ರದ ಮುಂದೆ ಕೂರಿಸಿ ನೋಡಿದರು; ಡಿಗ್ರಿ ಆದವರಿಗಿಂತ ನನ್ನ ಕೈ ಚುರುಕು. ತಪ್ಪಿಲ್ಲದ ಕೈ ಎಂದು ಹೆಸರು ಬಂತು. ಆ ಹೆಸರನ್ನು ನಾನು ಒಳಗೊಳಗೇ ಪೂಜೆ ಮಾಡುತ್ತಿದ್ದೆ.

ಆ ಕೋಣೆಯಲ್ಲಿ ಒಂದು ಕ್ರಮ ಇತ್ತು. ಒಂದು ಕೆಲಸದ ಕಾರ್ಡುಗಳೆಲ್ಲ ಸಿದ್ಧವಾದ ಮೇಲೆ ಕಟ್ಟನ್ನು ಒತ್ತಿ ಹಿಡಿದು, ಮೇಲಿನ ಅಂಚಿನಲ್ಲಿ ಈ ತುದಿಯಿಂದ ಆ ತುದಿಗೆ ಶಾಯಿಯಲ್ಲಿ ಓರೆಯಾಗಿ ಒಂದು ಗೆರೆ ಎಳೆಯುವುದು. ಕಟ್ಟು ಕೈಜಾರಿ ಬಿದ್ದರೆ ಗೆರೆ ನೋಡಿ ಮತ್ತೆ ಜೋಡಿಸಬಹುದು. ಗೆರೆ ಇದ್ದ ಕಾರ್ಡು ಆ ಕಟ್ಟಿನದು, ಇಲ್ಲದ್ದು ಹೊರಗಿನದು. ಹಾಳಾದ ಕಾರ್ಡುಗಳನ್ನು ನಾವು ಮನೆಗೆ ಒಯ್ಯುತ್ತಿದ್ದೆವು. ಸಾಮಾನಿನ ಚೀಟಿ ಬರೆಯಲು ಅದರಷ್ಟು ಒಳ್ಳೆಯ ಕಾಗದ ಬೇರೆ ಇರಲಿಲ್ಲ.

ನಮ್ಮದು ಬಾಡಿಗೆಗೆ ಬೇರೆಯವರ ಕೆಲಸ ಮಾಡಿಕೊಡುವ ಕಂಪ್ಯೂಟರು. ಅದರಲ್ಲಿ ಒಂದು, ಉಡುಪಿಯ ಒಂದು ಮದ್ದಿನ ಉಗ್ರಾಣದ ಕೆಲಸ. ಕಾಪುವಿನಿಂದ ಬಜಗೋಳಿಯವರೆಗಿನ ಸಣ್ಣ ಸಣ್ಣ ದವಾಖಾನೆಗಳಿಗೆ ಮದ್ದು ಹೋಗುತ್ತಿದ್ದುದು ಅಲ್ಲಿಂದ. ಉಪಾಧ್ಯರ ಇನ್ಸುಲಿನ್ ಬರುತ್ತಿದ್ದುದೂ ಅಲ್ಲಿಂದಲೇ. ಯಾವ ಮದ್ದಿನ ಅವಧಿ ಮುಗಿಯಿತು, ಯಾವುದನ್ನು ಕಪಾಟಿನಿಂದ ತೆಗೆಯಬೇಕು ಎಂಬ ಪಟ್ಟಿ ತಿಂಗಳಿಗೊಮ್ಮೆ ನಮ್ಮಲ್ಲಿ ಅಚ್ಚಾಗುತ್ತಿತ್ತು. ಸುಮಾರು ಒಂಬೈನೂರು ಕಾರ್ಡಿನ ಕಟ್ಟು ಅದು, ಆಟೊಕೋಡರ್ ಎಂಬ ಹಳೆಯ ಭಾಷೆಯಲ್ಲಿ ಬರೆದದ್ದು. ಬರೆದವನು ಆಫ್ರಿಕಕ್ಕೆ ಹೋಗಿ ಪತ್ತೆ ಇರಲಿಲ್ಲ. ಆ ಭಾಷೆ ಬಲ್ಲವರು ನಮ್ಮಲ್ಲಿ ಉಪಾಧ್ಯರೊಬ್ಬರೇ.

೧೯೮೨ರ ಮಳೆಗಾಲದಲ್ಲಿ, ಕಾರ್ಡಿನ ಕಪಾಟಿನೊಳಗೆ ಬೆಚ್ಚಗಿರಲೆಂದು ಉರಿಸುತ್ತಿದ್ದ ಬಲ್ಬು ಸುಟ್ಟುಹೋಯಿತು. ವಾರದೊಳಗೆ ಕಾರ್ಡುಗಳು ಹಪ್ಪಳದ ಹಾಗೆ ಉಬ್ಬಿ, ಯಂತ್ರ ಅವನ್ನು ಅಗಿಯತೊಡಗಿತು. ಮದ್ದಿನ ಕಟ್ಟನ್ನು ಪೂರ್ತಿ ಹೊಸದಾಗಿ ನಾನೇ ಕೊರೆದೆ. ಒಂಬತ್ತು ದಿನ ಹಿಡಿಯಿತು. ಕೊನೆಯ ಹತ್ತಿರ ಬಂದಾಗ ಹಳೆಯ ಕಟ್ಟಿನ ಒಂದು ಕಾರ್ಡಿಗೆ ಅಂಚಿನ ಗೆರೆ ಇರಲಿಲ್ಲ. ಬೇರೆ ಕಾರ್ಡುಗಳ ಹಾಗೆ ಮೇಲೆ ಅಕ್ಷರವೂ ಮೂಡಿರಲಿಲ್ಲ, ಬರಿಯ ತೂತುಗಳು. ಹೊರಗಿನದು ಬಂದು ಸೇರಿದೆ ಎಂದುಕೊಂಡೆ. ಉಪಾಧ್ಯರು ಎರಡು ಮೇಜು ಆಚೆ ಕುಳಿತಿದ್ದರು. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಉಬ್ಬಿ ಹಾಳಾದ ಹಳೆಯ ಕಾರ್ಡುಗಳ ಜೊತೆ ಕಟ್ಟಿ ಮನೆಗೆ ಒಯ್ದೆ.

ಅದರ ಮುಂದಿನ ತಿಂಗಳ ಪಟ್ಟಿಯನ್ನು ಉಪಾಧ್ಯರು ಅಂಗೈಯಲ್ಲಿಟ್ಟು ತೂಗಿ ನೋಡಿದರು. “ತೂಕ ಕಡಿಮೆ ಉಂಟಲ್ಲ ಸಂಜೀವ” ಎಂದರು. ಮೆನೇಜರು ಪ್ರಭುಗಳು ನಕ್ಕು, ಉಪಾಧ್ಯರೇ, ನೀವೆಂತ ಗುಜರಿಯವರ ಹಾಗೆ ಕಾಗದ ತೂಗುವುದು ಎಂದು ಕೇಳಿದರು. ಉಪಾಧ್ಯರು ನಗಲಿಲ್ಲ. ಪ್ರತಿ ತಿಂಗಳೂ ಹಾಗೇ ತೂಗಿ ಕೆಳಗಿಡುತ್ತಿದ್ದರು.

ಹಳೆಯ ಯಂತ್ರದ ಕಂಪೆನಿ ದೇಶ ಬಿಟ್ಟುಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಬಿಡಿಭಾಗ ಸಿಗದೆ, ಅದನ್ನು ಕಳಿಸಿ ಹೊಸದನ್ನು ತರಿಸುವುದೆಂದಾಯಿತು. ಹೊಸದಕ್ಕೆ ಕಾರ್ಡು ಬೇಡ, ಆಟೊಕೋಡರ್ ತಿಳಿಯದು. ಎಲ್ಲವನ್ನೂ ಕೋಬಾಲ್ ಭಾಷೆಗೆ ತರಬೇಕು. “ಆಟೊಕೋಡರ್ ನಮ್ಮ ತುಳುವಿನ ಹಾಗೆ, ಎರಡು ಮಾತಲ್ಲಿ ಮುಗೀತದೆ. ಕೋಬಾಲ್ ಅಂದ್ರೆ ತಾಲೂಕು ಕಚೇರಿಗೆ ಅರ್ಜಿ ಬರೆದ ಹಾಗೆ” ಎಂದರು ಉಪಾಧ್ಯರು. ಒಂದು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು, ಸಣ್ಣ ಅಕ್ಷರ ಕಾಣುವುದಿಲ್ಲ, ಯಾರಿಗೂ ಹೇಳಬೇಡ, ನೀನು ಓದಿದರೆ ನಾನು ಬರೆಸುತ್ತೇನೆ ಎಂದರು. ಎಂಟನೆಯ ತರಗತಿ ಮುಗಿಸದ ನಾನು ಓದುವುದು, ಅವರು ಕೇಳಿ ಬರೆಸುವುದು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಮೂರು ತಿಂಗಳು ಓದಿದೆ. ಮದ್ದಿನ ಕಟ್ಟಿನ ಕೊನೆಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಕೊನೆಯ ಕಾರ್ಡಿಗೆ ಮೊದಲು ನಾನು ಹಾಕಿದ್ದು ಒಂದು ಉಂಟಲ್ಲ, ಅದು ಆಯ್ತಾ?”

“ಎಲ್ಲ ಆಯ್ತು ಸರ್, ಒಂದೂ ಬಿಡಲಿಲ್ಲ.”

ಯಾವ ಕಾರ್ಡೆಂದು ನಾನು ಯೋಚಿಸಲೂ ಇಲ್ಲ. ನಾನು ಕೊರೆದ ಕಟ್ಟಿನಲ್ಲಿ ಒಂದು ಕಡಿಮೆ ಇರುವುದು ಸಾಧ್ಯವೇ ಇರಲಿಲ್ಲ.

ಹಳೆಯ ಯಂತ್ರದ ಪಟ್ಟಿಯನ್ನೂ ಹೊಸ ಯಂತ್ರದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲು ತಾಳೆ ನೋಡಿದರು. ಒಂದಕ್ಷರ ವ್ಯತ್ಯಾಸವಿಲ್ಲ. ಪ್ರಭುಗಳು ಎಲ್ಲರಿಗೂ ಬಿಸ್ಕೂಟ್ ರೊಟ್ಟಿ ಚಹಾ ತರಿಸಿದರು. ಹಳೆಯ ಯಂತ್ರವನ್ನು ಲಾರಿಗೆ ಹಾಕುವಾಗ ಉಪಾಧ್ಯರು ಬಾಗಿಲಲ್ಲಿ ನಿಂತಿದ್ದರು. “ಎರಡೂ ಒಂದೇ ತಪ್ಪು ಮಾಡಿದ್ರೆ ಎರಡೂ ಸರಿಯಾಗೇ ಕಾಣ್ತದೆ, ಅಲ್ವಾ?” ಎಂದು ಮೆಲ್ಲಗೆ ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

ಅಷ್ಟರಲ್ಲಿ ಅವರು ಇಳಿದುಹೋಗಿದ್ದರು. ಅಂಗಿ ಹೆಗಲಲ್ಲಿ ಜೋತು ಬೀಳುತ್ತಿತ್ತು. ಹೂಜಿ ಹೂಜಿ ನೀರು ಕುಡಿಯುವುದು, ಪುನಃ ಬಾಯಾರಿಕೆ. ಕಾಲಿನ ಹೆಬ್ಬೆರಳಿನಲ್ಲಿ ಒಂದು ಹುಣ್ಣು ಮಾಯದೆ ನಿಂತಿತ್ತು. ಸೂಜಿ ತಪ್ಪಿಸಿದವರಲ್ಲ. ಒಂದು ಮಧ್ಯಾಹ್ನ ಇನ್ಸುಲಿನ್ ಸೀಸೆಯನ್ನು ನನ್ನ ಕೈಗೆ ಕೊಟ್ಟು, ಅವಧಿ ಯಾವ ತಿಂಗಳಿಗೆ ಎಂದು ಕೇಳಿದರು. ಓದಿದೆ. ಅವಧಿ ಮುಗಿಯಲು ಇನ್ನೂ ಒಂದು ತಿಂಗಳಿತ್ತು.

ಅವರು ಬೆರಳು ಮಡಚಿ ಎಣಿಸಿದರು. “ಈ ಸೀಸೆ ನನ್ನ ಕೈಗೆ ಬರ್ಬಾರ್ದಿತ್ತು” ಎಂದರು.

ಆಗ ವಿಷಯ ಹೇಳಿದರು. ಐಸಿನಲ್ಲಿಡುವ ಮದ್ದುಗಳು ಬೊಂಬಾಯಿಯಿಂದ ಘಟ್ಟ ಇಳಿದು ಬರುವಷ್ಟರಲ್ಲಿ ಬಿಸಿ ತಿಂದಿರುತ್ತವೆ. ಹಾಗಾಗಿ ಸೀಸೆಯ ಮೇಲಿನ ತಿಂಗಳನ್ನು ನಂಬದೆ, ಮೂರು ತಿಂಗಳು ಮೊದಲೇ ತೆಗೆಯಬೇಕೆಂದು ಉಗ್ರಾಣದ ಹಿಂದಿನ ಯಜಮಾನರು ಕೇಳಿಕೊಂಡಿದ್ದರು. ಬಾಯಿಮಾತಿನಲ್ಲಿ ಅಷ್ಟೆ, ಅವರು ತೀರಿಹೋಗಿದ್ದರು. ಉಪಾಧ್ಯರು ಅದಕ್ಕೆಂದು ಒಂದು ಕಾರ್ಡು ಕೊರೆದು ಹಳೆಯ ಕಟ್ಟಿಗೆ ಸೇರಿಸಿದ್ದರು. ಗೆರೆ ಎಳೆದು ವರ್ಷಗಳಾದ ಮೇಲೆ ಸೇರಿಸಿದ ಕಾರ್ಡು ಅದು.

“ನೀನು ಅದನ್ನು ಓದಿದ್ದೀ ಅಲ್ವಾ ಸಂಜೀವ?”

ಮನೆಗೆ ಒಯ್ದ ಗೆರೆ ಇಲ್ಲದ ಕಾರ್ಡು ನೆನಪಾಯಿತು. “ಓದಿದ್ದೇನೆ ಸರ್” ಎಂದೆ. ಈ ಸಲ ಗೊತ್ತಿದ್ದೇ ಹೇಳಿದೆ.

ಅವರು ಪ್ರಭುಗಳ ಬಳಿ ಹೋದರು. ಪ್ರಭುಗಳು, ಎರಡು ಪಟ್ಟಿಯೂ ತಾಳೆಯಾಗಿದೆ, ನೀವು ಹೇಳುವ ನಿಯಮ ಯಾವ ಕಾಗದದಲ್ಲೂ ಇಲ್ಲ, ಮದ್ದಿನ ವಿಷಯ ಬಾಯಿಮಾತಿನ ಮೇಲೆ ಬದಲಿಸಲಾಗದು, ಆ ಕಾರ್ಡು ಇದ್ದರೆ ತೋರಿಸಿ ಎಂದರು. ಕಾರ್ಡಿನ ಕಟ್ಟುಗಳನ್ನೆಲ್ಲ ಹಳೆಯ ಯಂತ್ರ ಹೋದಾಗಲೇ ಸುಟ್ಟಿದ್ದರು. ಮರುದಿನದಿಂದ ಉಪಾಧ್ಯರು ಬರಲಿಲ್ಲ. ಕಾಲು ಊದಿದೆ ಎಂದು ಸುದ್ದಿ ಬಂತು.

ಕಾರ್ಡು ನನ್ನ ಮನೆಯಲ್ಲೇ ಇತ್ತು. ಅಡುಗೆಮನೆಯ ಮೊಳೆಗೆ ಚುಚ್ಚಿದ ಚೀಟಿಗಳ ನಡುವೆ ಅದೊಂದಕ್ಕೇ ಗೆರೆ ಇರಲಿಲ್ಲ. ಬೆನ್ನಿಗೆ ನನ್ನದೇ ಅಕ್ಷರದಲ್ಲಿ ಕುಚ್ಚಲಕ್ಕಿ, ಮೆಣಸು, ಸೀಮೆಎಣ್ಣೆ. ಎಂಟು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ ಬಂದೆ. ಪ್ರಭುಗಳ ಬಾಗಿಲ ತನಕ ಎರಡು ಸಲ ಹೋದೆ. ತಪ್ಪಿಲ್ಲದ ಕೈ ಎಂಬ ಹೆಸರು ಬಿಟ್ಟರೆ ನನ್ನಲ್ಲಿ ಬೇರೆ ಏನಿತ್ತು? ಅತ್ತ ಐಸಿನ ಮದ್ದು ದಿನಾ ಉಗ್ರಾಣದಿಂದ ಹೊರಡುತ್ತಿತ್ತು.

ಒಂಬತ್ತನೆಯ ದಿನ ಮಟ್ಟುವಿಗೆ ಹೋದೆ. ಗುಳ್ಳ ಬದನೆಯ ಗದ್ದೆಯ ಬದಿಯ ಮನೆ. ಉಪಾಧ್ಯರು ಚಾವಡಿಯಲ್ಲಿ ಕಾಲು ಚಾಚಿ ಮಲಗಿದ್ದರು. ಕಾಲಿಗೆ ಬಟ್ಟೆ ಸುತ್ತಿತ್ತು. ಕಣ್ಣು ನನ್ನ ಕಡೆ ತಿರುಗಿತು, ನನ್ನ ಗುರುತು ಹಿಡಿಯಲಿಲ್ಲ. ಕಾರ್ಡನ್ನು ಅವರ ಕೈಗಿಟ್ಟೆ. ಹೆಬ್ಬೆರಳು ಈ ತುದಿಯಿಂದ ಆ ತುದಿಗೆ ಹೋಯಿತು. ಮತ್ತೊಮ್ಮೆ ಹೋಯಿತು.

“ಎಲ್ಲಿತ್ತು?”

ಹೇಳಿದೆ. ಮೊದಲಿನಿಂದ, ಎರಡು ಸಲದ ಸುಳ್ಳನ್ನೂ ಸೇರಿಸಿ. ಒಳಗಿನಿಂದ ಅವರ ಹೆಂಡತಿ ಯಾರು ಬಂದದ್ದು ಎಂದು ಕೇಳಿದರು; ನಮ್ಮ ಸಂಜೀವ ಎಂದರು ಇವರು. ಆಮೇಲೆ ನನ್ನ ಕಡೆಗೆ, “ನಿನಗೆ ತಪ್ಪಿದ್ದಕ್ಕೆ ನಾನೆಂತ ಹೇಳುವುದಿಲ್ಲ. ಓದದ್ದನ್ನು ಓದಿದೆ ಅಂದೆಯಲ್ಲ, ಅದು ಬೇಡಿತ್ತು” ಎಂದು ಕಾರ್ಡನ್ನು ಹಿಂದೆ ಕೊಟ್ಟರು. “ಹೋಗು, ಇದನ್ನು ಹಾಕಿಸಿ ಬಾ. ಎಷ್ಟು ಸಾಲು ಹೆಚ್ಚಾಯ್ತು ನನಗೆ ಹೇಳ್ಬೇಕು.”

ಆ ದಿನವೇ ಪ್ರಭುಗಳ ಮೇಜಿನ ಮೇಲೆ ಕಾರ್ಡಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಉಗ್ರಾಣಕ್ಕೆ ಫೋನು ಹೋಯಿತು. ಮೂರು ದಿನದಲ್ಲಿ ಕೋಬಾಲಿನಲ್ಲಿ ಆರು ಸಾಲು ಸೇರಿಸಿ ಪಟ್ಟಿ ತೆಗೆದರು. ಹನ್ನೊಂದು ಸಾಲು ಹೆಚ್ಚು ಬಂತು. ಅಷ್ಟು ತಿಂಗಳು ಆ ಮದ್ದು ಯಾರ್ಯಾರ ಮೈಗೆ ಹೋಯಿತು, ಯಾರಿಗೆ ಎಂತ ಆಯಿತು ಎಂದು ಯಾರೂ ಹುಡುಕಲಿಲ್ಲ. ನನ್ನನ್ನು ಯಾರೂ ಹೋಗೆನ್ನಲಿಲ್ಲ. ತಿಂಗಳ ಕೊನೆಗೆ ನಾನೇ ಬಿಟ್ಟೆ.

ಪಟ್ಟಿ ಅಚ್ಚಾದ ದಿನವೇ ಅದನ್ನು ಹಿಡಿದು ಮಟ್ಟುವಿಗೆ ಹೋದಾಗ ಚಾವಡಿ ತೊಳೆದು ಒದ್ದೆಯಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಉಪಾಧ್ಯರು ತೀರಿಹೋಗಿದ್ದರು. ಕಾಲಿನ ನಂಜು ಮೇಲಕ್ಕೇರಿತ್ತಂತೆ. ಇನ್ಸುಲಿನ್ ಕೆಟ್ಟದ್ದೇ ಕಾರಣವೋ ಎಂದು ಆಮೇಲೆ ಒಬ್ಬ ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳಲಿಕ್ಕಾಗುವುದಿಲ್ಲ ಎಂದರು. ಅಲ್ಲ ಎಂದೂ ಹೇಳಲಿಲ್ಲ.

ಈಗ ಕಾಪುವಿನ ಪೇಟೆಯಲ್ಲಿ ನನ್ನದೇ ಟೈಪಿಂಗ್ ಅಂಗಡಿ ಉಂಟು. ಎರಡು ಇಂಗ್ಲಿಷ್ ಯಂತ್ರ, ಒಂದು ಕನ್ನಡ ಯಂತ್ರ, ನಾಲ್ಕು ಕುರ್ಚಿ. ಮನೆ ಒಂದು, ಹೆಣ್ಣುಮಕ್ಕಳು ಇಬ್ಬರು. ಹನ್ನೊಂದು ಸಾಲು ಹೆಚ್ಚಿರುವ ಪಟ್ಟಿ ಒಂದು, ಮಡಚಿದ್ದು ಮಡಚಿದ ಹಾಗೇ. ಗೆರೆ ಇಲ್ಲದ ಕಾರ್ಡು ಒಂದು.