ತಗಡಿನ ಹಾರ್ನಿನಲ್ಲಿ ಕೇಳಿದ ದನಿ

ಈಗಿನ ಹುಡುಗರು ಕೇಳುತ್ತಾರೆ, ಆಂಟಿ, ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಮಿಕ್ಸಿಂಗ್ ಹೇಗೆ ಮಾಡುತ್ತಿದ್ದಿರಿ ಅಂತ. ಹಿತ್ತಲಿನಲ್ಲಿ ಮೈಕ್‌ಸೆಟ್ಟಿನವರ ಒಂದು ತಗಡಿನ ಹಾರ್ನ್ ಕಟ್ಟಿಸಿದ್ದೆ ಕಣಪ್ಪಾ ಎನ್ನುತ್ತೇನೆ. ಹೆಡ್‌ಫೋನಿನಲ್ಲಿ ಎಷ್ಟೇ ಚೆನ್ನಾಗಿರಲಿ, ಆ ಹಾರ್ನಿಗೆ ಹಾಕಿ ಕೇಳದೆ ಒಂದು ಕ್ಯಾಸೆಟ್ಟನ್ನೂ ಹೊರಗೆ ಬಿಟ್ಟವಳಲ್ಲ. ನಮ್ಮ ಕಡೆ ಹಾಡು ಕೇಳುತ್ತಿದ್ದದ್ದು ಮನೆಯ ಸ್ಪೀಕರಿನಲ್ಲಲ್ಲ. ಮದುವೆ, ಜವಳ, ಚಹಾದ ಹೋಟೆಲು, ಎಲ್ಲ ಕಡೆಯೂ ಹಾರ್ನೇ. ಸಿಂಧನೂರಿನ ನಮ್ಮ ಅಂಗಡಿಯ ಕ್ಯಾಸೆಟ್ಟು ಸಾಫಾಗಿ ಕೇಳಿಸುತ್ತದೆ ಅಂತ ಲಿಂಗಸುಗೂರಿನ ಮೈಕ್‌ಸೆಟ್ಟಿನವರು ಹುಡುಕಿಕೊಂಡು ಬರುತ್ತಿದ್ದರು. "ವಾಟ್ ಎ ಬ್ರಿಲಿಯಂಟ್ ಐಡಿಯಾ ಆಂಟಿ" ಎನ್ನುತ್ತಾರೆ ಹುಡುಗರು. ಆ ಐಡಿಯಾ ಎಲ್ಲಿಂದ ಬಂತೆಂದು ಅವರಿಗೆ ಹೇಳಿಲ್ಲ. ನೆನೆದರೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ.

ನಾನು ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಅಲ್ಲಿ ಕ್ವಾಯರ್ ಎಂದರೆ ನನಗೆ ಪ್ರಾಣ. ಹಾಡು ಕಲಿಸುವ ಸಿಸ್ಟರ್ ಪಿಯಾನೊದ ಒಂದು ಕೀ ಒತ್ತಿ ಹಿಡಿದು, ನಮ್ಮೆಲ್ಲರ ದನಿ ಅದರಲ್ಲಿ ಕರಗುವವರೆಗೆ ಬಿಡುತ್ತಿರಲಿಲ್ಲ. ಯಾರದಾದರೂ ದನಿ ಬೇರೆಯಾಗಿ ಎದ್ದರೆ ಕತ್ತೆತ್ತಿ ಅವಳನ್ನೇ ನೋಡಿ "ಐ ಕ್ಯಾನ್ ಹಿಯರ್ ಯೂ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ನಮಗೆ ಇರಲಿಲ್ಲ. ಸಾಲಿನ ಕೊನೆಯ ಸ್ವರವನ್ನು ಸ್ವಲ್ಪ ನಡುಗಿಸಿ ಬಿಡುವುದು ಅಲ್ಲಿಯ ರೂಢಿ. ಅದು ನನ್ನ ಗಂಟಲಿಗೆ ಅಂಟಿಕೊಂಡುಬಿಟ್ಟಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಸಿಂಧನೂರಿಗೆ ಬಂದೆ. ಕಾಲುವೆ ನೀರು ಬಂದು ಭತ್ತದ ದುಡ್ಡು ಓಡಾಡುತ್ತಿದ್ದ ಊರು. ಮನೆಮನೆಗೆ ಟೇಪ್‌ರೆಕಾರ್ಡರ್ ಬರುತ್ತಿತ್ತು. ಯಜಮಾನರು ರೇಡಿಯೊ ರಿಪೇರಿ ಅಂಗಡಿಯನ್ನು ಕ್ಯಾಸೆಟ್ ಅಂಗಡಿ ಮಾಡಿದರು, ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ, ಹಳೆಯ ಗಾದಿ ಹೊಡೆಸಿ ಅದಕ್ಕೆ ಸ್ಟುಡಿಯೊ ಎಂದು ಹೆಸರಿಟ್ಟರು. ಹೈದರಾಬಾದಿನಿಂದ ನಾಲ್ಕು ಮೈಕಿನ ದನಿಯನ್ನು ಬೇರೆ ಬೇರೆಯಾಗಿ ಟೇಪಿಗಿಳಿಸಿ ಆಮೇಲೆ ಸೇರಿಸುವ ಮಿಕ್ಸರ್ ತಂದರು. ಹಾಡುವವರನ್ನು ಹುಡುಕಿ ತರುವುದರಲ್ಲಿ ಅವರು ಗಟ್ಟಿಗರು. ಕೂತು ಕೇಳುವ ತಾಳ್ಮೆ ಮಾತ್ರ ಇರಲಿಲ್ಲ. ಒಂದು ದಿನ ಚಹಾ ಕೊಡಲು ಹೋದವಳು, ಹಾರ್ಮೋನಿಯಂ ಅಬ್ಬರದಲ್ಲಿ ಹಾಡುವ ಮುದುಕನ ದನಿಯೇ ಕೇಳಿಸದೆ, "ಪೇಟಿ ಆ ಮುದುಕಪ್ಪನ್ನ ಮುಳುಗಿಸಾಕತ್ತೈತಿ ನೋಡ್ರಿ" ಎಂದೆ. "ಹಂಗಾದ್ರ ನೀನ ಕುಂದ್ರು ಬಾ" ಎಂದು ಹೆಡ್‌ಫೋನು ನನ್ನ ತಲೆಗೆ ಸಿಕ್ಕಿಸಿದರು. ಅಂದಿನಿಂದ ಆ ಕುರ್ಚಿ ನನ್ನದಾಯಿತು.

ಕೋಣೆಗೂ ನನಗೂ ನಡುವೆ ಒಂದು ಗಾಜು. ಆ ಕಡೆ ಭಜನೆಯವರು, ತತ್ವಪದದವರು, ಮೊಹರಮ್ಮಿನ ರಿವಾಯತ್ ಹಾಡುವವರು. ಈ ಕಡೆ ತಲೆ ತುಂಬ ಸೆರಗು, ಅದರ ಮೇಲೆ ಹೆಡ್‌ಫೋನು ಹಾಕಿಕೊಂಡ ನಾನು. ಪಕ್ಕದ ಅಕ್ಕಿ ಗಿರಣಿ ಶುರುವಾದರೆ ಕರೆಂಟು ಇಳಿದು ಟೇಪು ಎಳೆಯುತ್ತಿತ್ತು, ಹಾಡಿನ ಶ್ರುತಿಯೇ ಕುಸಿಯುತ್ತಿತ್ತು. ಹಾಗಾಗಿ ಗಿರಣಿಯವರು ಊಟಕ್ಕೆ ಬಿಟ್ಟಾಗ ನಮ್ಮ ಕೆಲಸ. ಮೊದಲು ಹಾಡುವವರ ಮಾತು ಕೇಳಿ, ಅವರು ಮಾತಾಡುವಾಗ ದನಿ ಎಲ್ಲಿ ಕೂರುತ್ತದೋ ಅಲ್ಲಿಗೆ ಮೈಕು ಸರಿಮಾಡಿಸುತ್ತಿದ್ದೆ. ವಾದ್ಯಗಳು ಆಮೇಲೆ. ಆ ಕುರ್ಚಿಯಲ್ಲಿ ನನಗೆ ಸಿಗುತ್ತಿದ್ದ ಹ್ಯಾಪಿನೆಸ್ ಅಡಿಗೆಮನೆಯಲ್ಲಿ ಸಿಕ್ಕಿದ್ದಿಲ್ಲ, ಸುಳ್ಳು ಯಾಕೆ ಹೇಳಲಿ. ಅತ್ತೆಯೂ ಬೇಡ ಎನ್ನಲಿಲ್ಲ. "ಒಳಗ ಕುಂದರತಾಳ, ಯಾರ ಕಣ್ಣಿಗೂ ಬೀಳಂಗಿಲ್ಲ" ಎಂದು ಓಣಿಯವರಿಗೆ ಹೇಳಿ ಬಾಯಿ ಮುಚ್ಚಿಸಿದ್ದರು.

ಕೆಲವು ವರ್ಷ ಕಳೆದ ಮೇಲೆ ಬೀಗರ ಹಾಡಿನ ಕ್ಯಾಸೆಟ್ಟು ಮಾಡಿದೆವು. ಮದುವೆಯಲ್ಲಿ ಹೆಂಗಸರು ಎದುರು ಕಡೆಯವರನ್ನು ಕಾಡಿಸಿ ಹಾಡುವ ಹಾಡುಗಳು. ಗುರುಗುಂಟಾದಿಂದ ಒಬ್ಬ ಗಟ್ಟಿ ಗಂಟಲಿನ ಹಾಡುಗಾರ್ತಿ ಬಂದಿದ್ದರು. ಅವರ ಹಿಂದೆ ದನಿಗೂಡಿಸಬೇಕಾದ ಇಬ್ಬರಲ್ಲಿ ಒಬ್ಬಳು ಬರಲಿಲ್ಲ. ಜವಳಗೇರಾ ಕಡೆ ನಾಟಿ ನಡೆದಿತ್ತು, ಕೂಲಿ ಬಿಟ್ಟು ಯಾರು ಬರುತ್ತಾರೆ. ಗಿರಣಿ ಮತ್ತೆ ಶುರುವಾಗುವ ಹೊತ್ತು ಹತ್ತಿರ ಬರುತ್ತಿತ್ತು.

ಹಾಡುಗಾರ್ತಿ ಗಾಜು ಬಡಿದರು. "ಅಕ್ಕಾರ, ನೀವ ಬರ್ರಿ ಒಳಗ."

"ನಾನೇ? ನನಗ ಬರಂಗಿಲ್ರಿ."

"ಏನ್ ಬರಂಗಿಲ್ಲ? 'ತೋರಸವ್ವ ಬೀಗತಿ ಸೆರಗ ಬಿಚ್ಚಿ ತೋರಸವ್ವ' ಅನ್ನಾಕ ಕಾಲೇಜ್ ಕಲೀಬೇಕೇನು?"

ಹಾಡು ಹೀಗಿತ್ತು: ಬೀಗತಿ ಹೋಳಿಗೆ ಕದ್ದು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ, ಬಿಚ್ಚಿ ತೋರಿಸು ಎಂದು ಎಲ್ಲರೂ ಸೇರಿ ಕೂಗಬೇಕು. ನನಗೆ ನಾಚಿಕೆಯಿಂದ ನಗು ಬಂತು. ಯಜಮಾನರ ಮುಖ ನೋಡಿದೆ. "ಹಾಡಿಬಿಡು. ಮಿಕ್ಸ್ ಮಾಡಾಕಿ ನೀನ, ಸಣ್ಣಗ ಇಟ್ಟರಾತು. ಯಾರಿಗೆ ತಿಳೀತೈತಿ?" ಎಂದರು.

ಹಾಡಿದೆ. ಆಮೇಲೆ ಕೂತು ಬಹಳ ಜಾಗ್ರತೆಯಿಂದ ನನ್ನನ್ನು ಮುಚ್ಚಿದೆ. ಡೋಲಕಿಯ ಎಡಗೈಯ ದಪ್ಪ ಪೆಟ್ಟನ್ನು ಏರಿಸಿ, ಅದರ ಕೆಳಗೆ ಹಿಮ್ಮೇಳವನ್ನು ಕೌದಿ ಹೊದಿಸಿದ ಹಾಗೆ ಮಲಗಿಸಿದೆ. ಹೆಡ್‌ಫೋನಿನಲ್ಲಿ ಹತ್ತು ಸಲ ಕೇಳಿದರೂ ನನಗೇ ನನ್ನ ದನಿ ಸಿಗಲಿಲ್ಲ. ಪರ್ಫೆಕ್ಟ್ ಅಂದುಕೊಂಡೆ. ಕ್ಯಾಸೆಟ್ಟು ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಅಂಗಡಿಗಳಿಗೂ ಹೋಯಿತು, ಚೆನ್ನಾಗಿ ಓಡಿತು.

ಮುಂದಿನ ಬೇಸಗೆಯಲ್ಲಿ ನಾದಿನಿಯ ಮದುವೆ. ಗಂಡಿನ ಕಡೆಯವರು ಮಸ್ಕಿಯವರು, ಮದುವೆಯೂ ಅಲ್ಲೇ. ಲಿಂಗಸುಗೂರಿನ ಮೈಕ್‌ಸೆಟ್ಟಿನವನು ಹಂದರದ ಗಳಕ್ಕೆ ಹಾರ್ನ್ ಕಟ್ಟಿದ್ದ. ಊಟ ಮುಗಿದು ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಹಂದರದ ಒಂದು ಬದಿಗೆ ಕೂತಿದ್ದೆವು. ನನ್ನ ಪಕ್ಕದಲ್ಲಿ ಅತ್ತೆ, ಎದುರಿಗೆ ಹುಡುಗನ ತಾಯಿ ಬೀಗತಿ. ಹಾರ್ನ್ ಕರ್ ಎಂದಿತು, ನಮ್ಮ ಕ್ಯಾಸೆಟ್ಟು ಶುರುವಾಯಿತು.

ತಗಡಿನ ಹಾರ್ನಿಗೆ ದಪ್ಪ ನಾದ ಹಿಡಿಯುವ ಶಕ್ತಿಯೇ ಇಲ್ಲ. ಡೋಲಕಿಯ ಪೆಟ್ಟು ಅದರ ಬಾಯಲ್ಲಿ ಟಕ್ ಟಕ್ ಎಂದು ಸತ್ತುಹೋಗುತ್ತದೆ, ಮನುಷ್ಯರ ದನಿ ಮಾತ್ರ ಚೂಪಾಗಿ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ಆ ಊರುಗಳಲ್ಲಿ ಹಾರ್ನ್ ಕೇಳಿಯೂ ನನಗೆ ಇದು ಹೊಳೆದಿರಲಿಲ್ಲ. ನಾನು ಹೊದಿಸಿದ್ದ ಕೌದಿಯನ್ನು ಯಾರೋ ಎಲ್ಲರೆದುರಿಗೆ ಎಳೆದು ಬಿಸಾಕಿದಂತಾಯಿತು. ಹಾಡುಗಾರ್ತಿಯ ದನಿಯ ಜೊತೆಗೇ, ಅದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ, ನನ್ನ ದನಿ. ಸೆರಗ ಬಿಚ್ಚಿ ತೋರಸವ್ವ. ಕೊನೆಯಲ್ಲಿ ಆ ಕ್ವಾಯರ್ ನಡುಕ ಬೇರೆ. ಹೊರಗೆ ಗಂಡಸರು ಸಿಳ್ಳೆ ಹೊಡೆದರು.

ನನ್ನ ಮೊಣಕಾಲಿನ ಮೇಲೆ ಅತ್ತೆಯ ಕೈ ಬಂದು ಕೂತಿತು. ಮಕ್ಕಳನ್ನು ಮಲಗಿಸುವಾಗ ನಾನು ಗುನುಗುವುದನ್ನು ದಿನಾ ಕೇಳಿದವರು ಅವರು. ಮುಖ ತಿರುಗಿಸಲಿಲ್ಲ. ಕೈ ಮಾತ್ರ ಒತ್ತುತ್ತ ಹೋಯಿತು.

"ಯಾರ್ವಾ ಇಕಿ?" ಬೀಗತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಸೆರಗ ಬಿಚ್ಚು ಅನ್ನೋದನ್ನ ದೇವರ ಪ್ರಾರ್ಥನಿ ಹೇಳಿದಂಗ ಹೇಳಾಕತ್ತಾಳಲ್ಲ! ಏನ್ ನಾಜೂಕು! ಬೀಗರ, ನಿಮ್ಮ ಮಗನ ಅಂಗಡಿದ ಅಲ್ಲೇನ್ರಿ ಕ್ಯಾಸೆಟ್ಟು? ಯಾರು ಹಾಡ್ಯಾಳ?"

ಅತ್ತೆ ಎಲೆಗೆ ಸುಣ್ಣ ಸವರುತ್ತ, "ಯಾರೋ ಬಳ್ಳಾರಿ ಕಡೆ ನಾಟಕದಾಕಿ ಅಂತ್ರಿ. ಏನೇನೋ ಬರ್ತಾವ ಅಲ್ಲಿಗೆ" ಎಂದರು.

"ಅದಕ್ಕ ಮತ್ತ!" ಎಂದಳು ಬೀಗತಿಯ ತಂಗಿ. "ಮಾನ ಇದ್ದಾಕಿ ದನೀನ ಹಿಂಗ ಬಳಕಿಸ್ತಾಳೇನು?"

"ಎಷ್ಟ್ ಊರ ನೀರ ಕುಡದಾಳೋ," ಎಂದಳು ಇನ್ನೊಬ್ಬಳು. "ಗಂಡ ಇರ್ತಾನೇನು ಇಂಥವಕ್ಕ?"

"ಇದ್ದರ ಅವನೂ ಪೇಟಿ ಬಾರಸ್ತಿರ್ತಾನ ತಗಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಲ್ಲದಿದ್ದರೆ ಗೊತ್ತಾಗುತ್ತಿತ್ತು. ಮೈಯೆಲ್ಲ ಬೆವರು, ಕುಪ್ಪಸ ಬೆನ್ನಿಗೆ ಅಂಟಿತ್ತು. ಬೀಗತಿ ನನ್ನ ಕಡೆ ತಿರುಗಿದರು. "ಓದಿದಾಕಿ ನೀನು, ಅಂಗಡ್ಯಾಗ ಇರಾಕಿ. ನೀ ನೋಡೀಯೇನವಾ ಅಕಿನ್ನ? ನೋಡಾಕ ಹೆಂಗ ಅದಾಳ?"

"ಒಮ್ಮೆ ಬಂದಿದ್ಲುರಿ," ಎಂದೆ. "ಸಾಧಾರಣ ಅದಾಳ" ಎಂದು ಸೇರಿಸಿದೆ.

ಬೀಗತಿ ಹೊರಗೆ ಕೂಗಿ ಹೇಳಿದರು: "ಏ ತಮ್ಮಾ, ಅದನ್ನ ಇನ್ನೊಮ್ಮೆ ಹಚ್ಚೋ!" ಅವನು ರಿವೈಂಡ್ ಮಾಡಿ ಮತ್ತೆ ಹಚ್ಚಿದ.

ಸಿಂಧನೂರಿಗೆ ಬಂದ ಮೇಲೆ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಮಗನನ್ನೂ ನನ್ನನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು, "ನನ್ನ ಮಗಳು ಇನ್ನ ಆ ಮನ್ಯಾಗ ಬಾಳೇವು ಮಾಡಬೇಕು. ಆ ದನಿ ಯಾರದಂತ ಅವರಿಗೆ ಗೊತ್ತಾದ ದಿನ ಅಕಿ ತಲಿ ತಗ್ಗಸಬೇಕಾಗತೈತಿ. ನೀ ಕುರ್ಚಿ ಮ್ಯಾಲ ಕುಂದ್ರು, ಬ್ಯಾಡ ಅನ್ನಂಗಿಲ್ಲ. ದನಿ ತಗದ ಒಗಿ. ಆಗಂಗಿಲ್ಲಂದ್ರ ಕುರ್ಚಿ ಬಿಡು" ಎಂದರು. ಯಜಮಾನರು ನೆಲ ನೋಡುತ್ತಿದ್ದರು. ಹಾಡಿಬಿಡು ಅಂದವರು ಇವರೇ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿದೆ. ಕುರ್ಚಿ ಬೇಕಾಗಿತ್ತು ನನಗೆ.

ನಾಟಿಗೆ ಹೋಗಿದ್ದವಳನ್ನು ಕರೆಸಿ ಹಿಮ್ಮೇಳ ಮತ್ತೆ ಹಾಡಿಸಿದೆವು. ಗುರುಗುಂಟಾದ ಹಾಡುಗಾರ್ತಿ ಗಾಜಿನ ಆಚೆಯಿಂದ ನನ್ನನ್ನೇ ನೋಡಿ, "ಅಕ್ಕಾರ, ಏನ್ ರೋಗ ಬಂದಿತ್ತಂತ ತಗದ್ರಿ ನಿಮ್ಮ ದನೀನ?" ಎಂದರು. ಮಷೀನು ಸರಿಯಿಲ್ಲ ಎಂದೆನೋ ಏನೋ. ಹಾರ್ನ್ ಕಟ್ಟಿಸಿದ್ದು ಆಗಲೇ. ಹೊಸ ಮಿಕ್ಸನ್ನು ಹಿತ್ತಲಲ್ಲಿ ಹಚ್ಚಿ, ತುಳಸಿಕಟ್ಟೆಯ ಹತ್ತಿರ ನಿಂತು, ಎಲ್ಲಾದರೂ ಒಂದು ಎಳೆ ಉಳಿದಿದೆಯೇ ಎಂದು ನನ್ನನ್ನು ಹುಡುಕಿದೆ. ಇರಲಿಲ್ಲ. ಕೆಲಸ ಕ್ಲೀನಾಗಿತ್ತು. ಹಾಡು ಸ್ವಲ್ಪ ಬಡವಾಗಿತ್ತು, ಅಷ್ಟೇ. ಲಿಂಗಸುಗೂರಿನಿಂದ ಹಳೆಯ ಸ್ಟಾಕ್ ವಾಪಸ್ ತರಿಸಿ, ಅದರ ಮೇಲೆಯೇ ಭಜನೆ ತುಂಬಿಸಿದೆವು.

ನಾನು ಹೆಚ್ಚು ಕೆಲಸ ಮಾಡಿದ್ದು ಅದಾದ ಮೇಲೆಯೇ. ತೊಂಬತ್ತರ ದಶಕದ ಕೊನೆಯವರೆಗೂ ಆ ಕುರ್ಚಿಯಲ್ಲಿ ಕೂತೆ. ಎಷ್ಟೋ ಹೆಂಗಸರಿಗೆ "ಹತ್ರ ಬರ್ರಿ, ಗಟ್ಟಿ ಹಾಡ್ರಿ, ನಾಚಬ್ಯಾಡ್ರಿ" ಎಂದು ಗಾಜಿನ ಈಚೆಯಿಂದ ಹೇಳುತ್ತಿದ್ದೆ. ಹೇಳುವಾಗ ಅವರ ಕಣ್ಣು ತಪ್ಪಿಸಿ ಮಿಕ್ಸರಿನ ಮುಳ್ಳು ನೋಡುತ್ತಿದ್ದೆ.

ನಾದಿನಿಯ ಮದುವೆಯ ಮರುವರ್ಷ ಬೀಗತಿ ಅವಳನ್ನು ಕರೆದುಕೊಂಡು ನಮ್ಮೂರಿಗೆ ಬಂದಿದ್ದರು. ಮನೆಗೆ ಹೋಗುವ ಮೊದಲೇ ಅಂಗಡಿಗೆ ಬಂದು, "ಆ ಬೀಗರ ಹಾಡಿಂದು ಕೊಡವಾ. ನಮ್ಮದನ್ನ ಯಾರೋ ಇಸಗೊಂಡು ಹೋಗಿ ಕೊಡಲಿಲ್ಲ" ಎಂದರು. ಅವರನ್ನು ಎದುರುಗೊಳ್ಳಲು ಅತ್ತೆಯೂ ಅಲ್ಲೇ ಬಂದಿದ್ದರು. ನಾನು ಹೊಸದನ್ನು ಹಚ್ಚಿ ಕೇಳಿಸಿದೆ. ಬೀಗತಿ ಕಿವಿಗೊಟ್ಟು ನಿಂತರು, ಒಂದು ಹಾಡು ಮುಗಿಯುವುದಕ್ಕೂ ಬಿಡಲಿಲ್ಲ.

"ಇದಲ್ಲ ಬಿಡವಾ. ಅಕಿ ಇಲ್ಲ ಇದರಾಗ. ಎಲ್ಲಿ ಹೋದ್ಲು?"

ಅತ್ತೆಯ ಕಡೆ ನೋಡಿದೆ. ಅವರು ಗಾಜಿನ ಕಪಾಟಿನಲ್ಲಿದ್ದ ಕ್ಯಾಸೆಟ್ಟುಗಳನ್ನು ನೋಡುತ್ತಿದ್ದರು. ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು.

"ಹಾಡೋದು ಬಿಟ್ಟಾಳಂತ್ರಿ," ಎಂದೆ. "ಲಗ್ನ ಆತಂತ."

"ಲಗ್ನ ಆದ್ರೇನು, ಗಂಟಲಾ ಕೊಯ್ದಾರೇನು?" ಬೀಗತಿ ನಿಜವಾಗಿಯೂ ಬೇಜಾರು ಮಾಡಿಕೊಂಡಿದ್ದರು. "ಹಂದರದಾಗ ಏನೇನೋ ಅಂದ್ವಿ ಅಕೀಗೆ. ನಕ್ಕೋತ ಅಂದ ಮಾತು. ಇದ್ದಿದ್ರ ಕರಸಿ ಒಂದ್ ಕುಪ್ಪಸದ ಖಣ ಕೊಡತಿದ್ದೆ."

ಅತ್ತೆ "ನಡೀರಿ ಬೀಗರ, ಚಹಾ ಆರತೈತಿ" ಎಂದು ಅವರನ್ನು ಕರೆದುಕೊಂಡು ಹೊರಟರು. ಹೊಸ ಕ್ಯಾಸೆಟ್ಟು ಟೇಪಿನಲ್ಲಿ ಓಡುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಿ, ತೆಗೆದು, ಡಬ್ಬಿಗೆ ಹಾಕಿ, ಮಾರುವವುಗಳ ಸಾಲಿನಲ್ಲಿ ಇಟ್ಟೆ.