ತೋಟಪ್ಪ ಇಟ್ಟ ಅಡ್ಡಹೆಸರು

ಗಜೇಂದ್ರಗಡದಿಂದ ರೋಣದ ಕಡೆ ಹೊಂಟ್ರ ಚಕ್ಕಡಿಯಾಗ ಎರಡು ತಾಸಿನ ದಾರಿಗೆ ಒಂದು ನೇಕಾರರ ಊರು ಸಿಗತೈತಿ. ಊರ ಹೆಸರು ಬ್ಯಾಡ ಬಿಡ್ರಿ. ಹೆಸರಿನಿಂದ ಆದ ಫಜೀತಿ ಈ ಕಥಿಯೊಳಗ ಬೇಕಾದಷ್ಟೈತಿ, ಅದರಾಗ ಮತ್ತೊಂದು ಯಾಕ? ಆ ಊರಾಗ ತೋಟಪ್ಪ ಅಂತ ಒಬ್ಬಾಂವ ಇದ್ದ. ಹಗಲೆಲ್ಲಾ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಸೀರಿ ನೇಯಾಂವ. ಸುಗ್ಗಿ ಮುಗೀತಂದ್ರ ಸಣ್ಣಾಟದ ಮೇಳದಾಗ ಹಾಸ್ಯಗಾರ. ದನಿ ಅಂದ್ರ ಏನ್ ದನಿ! ಅಗಸಿ ಬಾಗಲಾಗ ನಿಂತು ಕೂಗಿದ್ರ ಹೊಲದಾಗಿನ ಎತ್ತು ಕಿವಿ ನಿಮಿರಸತಿದ್ವು. ಮಂದೀನ ನಗಸೂದು ಅಂದ್ರ ಅವಗ ಊಟಕ್ಕಿಂತ ಹೆಚ್ಚು. ಹೆಂಡತಿ ಕಳಕವ್ವ ಅಂತಿದ್ಲು, "ಯಾರೂ ನಗದ ದಿನ ಈ ಮನಶ್ಯಾಗ ರೊಟ್ಟಿ ಗಂಟಲಾಗ ಇಳಿಯೂದಿಲ್ಲವ್ವಾ."

ಆಟದಾಗ ಹಾಸ್ಯಗಾರಗ ಯಾರ ಹಂಗೂ ಇರಲಿಲ್ಲ. ಗೌಡಗ ಅನ್ನಲಿ, ಸಾವಕಾರಗ ಅನ್ನಲಿ, ಎದುರಿಗೆ ಕುಂತಾವ್ರೂ ಹೊಟ್ಟಿ ಹಿಡಕೊಂಡು ನಗತಿದ್ರು. ಆದ್ರ ಅದಕ್ಕೊಂದು ಕಟ್ಟು ಇತ್ತು. ಮರುದಿನ ಮುಂಜಾನಿ ಹಾಸ್ಯಗಾರ ಆಟದ ಕೂಲಿ ಅಂತ ಮನಿಮನಿಗೆ ಜೋಳ ಎತ್ತಾಕ ಹೊಂಟಾಗ, ಯಾರಿಗೆ ಅಂದಿದ್ನೋ ಅವರ ಬಾಗಲಕ್ಕ ಮೊದಲು ಹೋಗಬೇಕು. ಉಡಿ ಒಡ್ಡಿ, "ಅಂದದ್ದು ಆಟಕ್ಕ, ಕೈ ಮುಗಿಯೂದು ನಿಮಗ" ಅನ್ನಬೇಕು. ಅವರೂ ಒಂದು ಬೊಗಸಿ ಹೆಚ್ಚಿಗೆ ಹಾಕತಿದ್ರು, ಅಲ್ಲಿಗೆ ಮಾತು ಮುಗೀತು. ಇಪ್ಪತ್ತು ವರ್ಷ ತೋಟಪ್ಪ ಈ ಕಟ್ಟು ಮುರದಾಂವಲ್ಲ. ನರಗುಂದದಾಗ ಆಟ ಆಡಿದ್ರೂ ಸೈ, ಯಾವಗಲ್ಲ ಊರಾಗ ಆಡಿದ್ರೂ ಸೈ, ಮುಂಜಾನಿ ಬಾಗಲಾ ತುಳೀದ ಬಸ್ಸು ಹತ್ತತಿರಲಿಲ್ಲ.

ಐವತ್ತನಾಲ್ಕನೇ ಇಸ್ವಿಯಾಗ ಪಂಚಾಯ್ತಿ ಚುನಾವಣಿ ಬಂತು. ನೇಕಾರ ಓಣಿಯಿಂದ ನೂಲಿನ ಅಂಗಡಿ ಸಾವಕಾರ ಅಂದಾನೆಪ್ಪ ನಿಂತ. ಊರ ಮಗ್ಗಕ್ಕೆಲ್ಲಾ ನೂಲು ಕೊಡಾಂವ ಅವನ. ಅವನ ಎದುರಿಗೆ ಯಾರು ನಿಲ್ಲತಾರ ಅಂತ ಎಲ್ಲಾರೂ ಸುಮ್ಮನಿದ್ದಾಗ ಹೊನ್ನವ್ವ ನಿಂತ್ಲು! ಈ ಹೊನ್ನವ್ವ ಮನಿಮನಿಗೆ ಹೋಗಿ ಲಾಳಿಗೆ ಹಾಕೂ ನೂಲಿನ ಕಂಡಕಿ ಸುತ್ತಿ ಹೊಟ್ಟಿ ಹೊರಕೊಳ್ಳಾಕಿ, ಗಂಡ ಸತ್ತು ಇಪ್ಪತ್ತೈದು ವರ್ಷ ಆಗಿತ್ತು. ಓಣಿಗೊಂದು ಬಾವಿ ಬೇಕಂತ ಹತ್ತು ಸಲ ಚಾವಡಿಗೆ ಅಡ್ಡಾಡಿ ಸಾಕಾಗಿ, "ಕೇಳಿದ್ರ ಕೊಡಾಂಗಿಲ್ಲಂದ್ರ ಒಳಗ ಹೋಗಿ ಕುಂದರತೀನಿ" ಅಂದ್ಲು. ಸಾಲಿ ಮಾಸ್ತರ ಅನಂತರಾಯರು ಅರ್ಜಿ ಬರದುಕೊಟ್ರು. ಓಣಿ ಹೆಣ್ಣುಮಕ್ಕಳು ಒಳಗೊಳಗ ಭಾಳ ಖುಷಿ ಆಗಿದ್ರು, ಖರೇ ಹೇಳಬೇಕಂದ್ರ ಕಳಕವ್ವನೂ.

ಸಾವಕಾರಗ ದಿಗಿಲು ಬಿತ್ತು. ಗದಗಿನಿಂದ ಬ್ಯಾಟರಿ ಮೈಕು ತರಿಸಿ, ಚಕ್ಕಡಿ ಮ್ಯಾಲ ದನಿ ದೊಡ್ಡದು ಮಾಡೂ ಕರ್ಣಿ ಕಟ್ಟಿಸಿದ. ಊರಿಗೆ ಮೈಕು ಬಂದದ್ದು ಅದ ಮೊದಲು. ಮಾತಾಡಾಕ ಯಾರು? ಮತ್ಯಾರು, ತೋಟಪ್ಪನ!

ಸಂತಿ ದಿನ ಬಸ್ ನಿಲ್ಲೂ ಕಟ್ಟಿ ಮುಂದ ಚಕ್ಕಡಿ ನಿಂತತು. ತೋಟಪ್ಪ ಮೈಕು ಹಿಡಕೊಂಡು ಒಮ್ಮೆ ಕೆಮ್ಮಿದ. ಆ ಕೆಮ್ಮು ಇಡೀ ಸಂತಿಗೆ ಕೇಳಿಸಿ ಮಂದಿ ಗೊಳ್ಳಂತ ನಕ್ಕರು. ಆ ನಗಿ ಅವನ ನೆತ್ತಿಗೇರಿತು ನೋಡ್ರಿ. "ಅಣ್ಣಗೋಳಿರಾ, ಅಕ್ಕಗೋಳಿರಾ! ಮಂದಿ ಮದವ್ಯಾಗ ಎಲಿ ಬಳದು ಎಂಜಲ ಉಂಡಾಕಿ, ಈಗ ಪಂಚಾಯ್ತಿ ಎಲಿ ಬಳೀತೇನಂತ ಬಂದಾಳ! ಎಂಜಲ ಹೊನ್ನವ್ವಗ ವೋಟು ಹಾಕಿದ್ರ ಊರಿಗೆಲ್ಲಾ ಎಂಜಲನ ಗತಿ!" ಅಂದುಬಿಟ್ಟ.

ಅಬಬಾ, ಆ ನಗಿ! ಬಸ್ಸಿನ ಟಪ್ಪಿನ ಮ್ಯಾಲ ಕುಂತಾವ್ರೂ ನಕ್ಕರು. ಹೊನ್ನವ್ವ ಅಲ್ಲೇ ಉಪ್ಪಿನ ಅಂಗಡಿ ಮುಂದ ನಿಂತಿದ್ಲು. ಉಪ್ಪು ತಗೊಳ್ಳದ ಹಂಗ ಹೊಳ್ಳಿ ಮನಿಗೆ ಹ್ವಾದ್ಲು.

ಹೊನ್ನವ್ವ ಎಂಜಲ ಉಂಡದ್ದು ಸುಳ್ಳಲ್ಲ. ಗಂಡ ಸತ್ತ ವರ್ಷ ದೊಡ್ಡ ಬರ ಬಿದ್ದಿತ್ತು. ಆಗ ಉಳ್ಳವರ ಮದವಿ ಮನ್ಯಾಗ ಎಲಿ ಬಳದು, ಎಲ್ಯಾಗ ಉಳದದ್ದನ್ನ ಬುಟ್ಟಿಯಾಗ ತಂದು ಮಗಳನ್ನ ಬದುಕಿಸಿದ್ಲು. ಮಗಳನ್ನಷ್ಟ ಅಲ್ಲ. ಓಣ್ಯಾಗಿನ ಹಸದ ಕೂಸುಗಳನ್ನೆಲ್ಲಾ ಕರದು ಬುಟ್ಟಿ ಸುತ್ತ ಕೂಡಸತಿದ್ಲು. ಅದರಾಗ ಒಂಬತ್ತು ವರ್ಷದ ತೋಟಪ್ಪನೂ ಒಬ್ಬ. ಆ ಬುಟ್ಟಿಯಾಗಿನ ಹೋಳಿಗಿ ಚೂರಿನ ರುಚಿ ಅವನ ನಾಲಗಿಗೆ ಗೊತ್ತಿತ್ತು. ಅದ ನಾಲಗೀಲೆ ಅಂದ ಪುಣ್ಯಾತ್ಮ!

ಓಣಿ ಹಿರ್ಯಾ ಗವಿಸಿದ್ದಪ್ಪ ಒಬ್ಬನ ಸಾವಕಾರನ ಕಡೆ ಹೋಗಿ, "ಹೆಣ್ಣುಮಗಳಿಗೆ ಹಿಂಗ ಅನ್ನಿಸೂದು ಚಲೋ ಅಲ್ಲರಿ" ಅಂದ. ಸಾವಕಾರ ಎಲಿ ಅಡಕಿ ಅಗಿಯೂತ ಅಂದ, "ಚುನಾವಣಿ ಅಂದ ಮ್ಯಾಲ ನಗಚ್ಯಾಟಿ ಇರೂದ ಗವಿಸಿದ್ದಪ್ಪ. ತಡಕೊಳ್ಳಾಕ ಆಗದಾವ್ರು ಮನ್ಯಾಗಿರಬೇಕು."

ಹೊನ್ನವ್ವಗ ಬಿದ್ದದ್ದು ಹತ್ತೊಂಬತ್ತು ವೋಟು. ಪ್ರಚಾರದ ಗದ್ದಲದಾಗ ಹಿಂದುಳದ ರೂಢಿ ನೆಪ್ಪಾಗಿ, ಸಾವಕಾರ ಗೆದ್ದ ಮರುದಿನ ಮುಂಜಾನಿ ತೋಟಪ್ಪನ ಕಾಲು ಆಕಿ ಮನಿ ಕಡೆ ತಿರುಗಿದ್ವು. ತಿರುಗಿದ್ದು ಖರೇ. ಅಷ್ಟರಾಗ ಸಾವಕಾರನ ಆಳು ಬಂದು, "ಮೆರವಣಿಗಿ ಐತಿ, ಲಗೂ ಬಾ, ನಿನಗ ಪಟಕಾ ಸುತ್ತತಾರಂತ" ಅಂದ. ತೋಟಪ್ಪ ಅರ್ಧ ದಾರಿಯಾಗ ನಿಂತು ಇಚಾರ ಮಾಡಿದ. ಇದೇನು ಆಟ ಅಲ್ಲಲ್ಲ, ಮೈಕಿನ ಮಾತು, ಸಾವಕಾರನ ಮಾತು, ನಾ ಯಾಕ ಉಡಿ ಒಡ್ಡಲಿ? ಹಂಗಂದುಕೊಂಡು ಪಟಕಾ ಸುತ್ತಿಸಿಕೊಳ್ಳಾಕ ಹ್ವಾದ. ಅಲ್ಲೇ ತಪ್ಪಿದ ಅಂವ.

ಎರಡು ವರ್ಷ ಮೈಕಿನ ಮುಂದ ಅವಂದ ರಾಜ್ಯ. ಐವತ್ತಾರರ ಬ್ಯಾಸಗ್ಯಾಗ ಸಾವಕಾರ ಪಂಚಾಯ್ತಿ ಅಧ್ಯಕ್ಷನಾಗಿ ನೀರಿನ ಟಾಕಿ ಕಟ್ಟಿಸಿದ್ದ. ಉದ್ಘಾಟನಾ ದಿನ ದೊಡ್ಡ ಮಂದಿ ಕೂಡಿದಾಗ ಟಾಕಿ ಬುಡಕ್ಕ ನೀರು ಜಿನುಗಾಕ ಹತ್ತಿತು. ತೋಟಪ್ಪನ ನಾಲಗಿ ತಡೀಬೇಕಲ್ಲ! "ಕಟ್ಟಿಸಿದಾವ್ರು ಯಾರು? ಸೋರುವ ಅಂದಾನೆಪ್ಪನವರು!" ಅಂದ ಮೈಕಿನ್ಯಾಗ. ಮಂದಿ ನಕ್ಕರು, ಆದ್ರ ಬಾಯಿಗೆ ಪಟಕಾದ ಸೆರಗು ಮುಚಗೊಂಡು ನಕ್ಕರು.

ಹಳೇ ರೂಢಿಯಂಗ ಮರುದಿನ ಮುಂಜಾನಿ ಉಡಿ ಒಡ್ಡಿಕೊಂಡು ಸಾವಕಾರನ ಬಾಗಲಕ್ಕ ಹ್ವಾದ. ಬಾಗಲಾ ತೆರೀಲಿಲ್ಲ. ಬದಲಿಗೆ ಚಾವಡಿಯಿಂದ ಕರೆ ಬಂತು. ಪಂಚರು ಎಲುಬಿಲ್ಲದ ನಾಲಗಿ ಅಂದ್ರು, ಮಾನ ಹರಾಜು ಹಾಕಿದಿ ಅಂದ್ರು. ಊರ ಮೂರು ಕಡೆ ನಿಂತು ಅದ ಮೈಕಿನ್ಯಾಗ ತಪ್ಪಾತು ಅನ್ನಬೇಕು, ಇನ್ನ ಮ್ಯಾಲ ಮೈಕು ಮುಟ್ಟಬಾರದು, ಮೇಳದಾಗ ಬಣ್ಣ ಹಚ್ಚಬಾರದು ಅಂತ ಠರಾವು ಆತು. ಇನ್ನೊಂದು ಮಾತು ಸಾವಕಾರ ಸಮಾಧಾನದಿಂದ ಅಂದ: "ಆ ಹೆಸರು ಯಾರ ಬಾಯಾಗ ಬಂತೋ, ಅವರ ಮಗ್ಗಕ್ಕ ನನ್ನ ಅಂಗಡಿ ನೂಲಿಲ್ಲ."

"ಹೊನ್ನವ್ವಗ ಅಂದಾಗ ನೀವೆಲ್ಲಾ ನಕ್ಕಿದ್ರಲ್ಲರೀ! ನನಗ ಪಟಕಾ ಸುತ್ತಿದ್ರಲ್ಲರೀ!" ಅಂತ ತೋಟಪ್ಪ ಒದರಿದ.

"ಅದು ಬ್ಯಾರೆ, ಇದು ಬ್ಯಾರೆ" ಅಂದ್ರು ಪಂಚರು.

ಮೂರು ಕಡೆ ನಿಂತು ತಪ್ಪಾತು ಅಂದ. ಎಂಟು ದಿನದಾಗ "ಸೋರುವ" ಅನ್ನೂದು ಊರಾಗ ಇಲ್ಲದಂಗ ಮಾಯ ಆತು. ಸೋರೂ ಗಡಿಗಿಗೂ ಹೆಣ್ಣುಮಕ್ಕಳು ಸೋರತೈತಿ ಅನ್ನವಲ್ರು, "ನೀರು ಬಿಡತೈತಿ" ಅನ್ನಾಕ ಹತ್ತಿದ್ರು!

ಮನ್ಯಾಗ ಕುಂತು ತೋಟಪ್ಪ ದಿನಾ ಅದ ರಾಗ: "ಅತ್ತಿ ಒಡದದ್ದು ಒಡಕ ಗಡಿಗಿ, ಸೊಸಿ ಒಡದದ್ದು ಹೊಸಾ ಗಡಿಗಿ. ಹೊನ್ನವ್ವಗ ಅಂದ್ರ ನಗಚ್ಯಾಟಿ, ಇವಗ ಅಂದ್ರ ಮಾನಹಾನಿ. ನ್ಯಾಯ ಎಲ್ಲೈತಿ?" ಒಂದಿನ ಕಳಕವ್ವ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸೂದು ಬಿಟ್ಟು ತಿರುಗಿ ಕುಂತ್ಲು. "ಎರಡು ವರ್ಷ ಆಕಿ ಹೆಸರು ನಿನ್ನ ಬಾಯಾಗ ಬರಲಿಲ್ಲ. ಈಗ ನಿನಗ ಉರಿ ಹತ್ತೇತಿ, ಹೊನ್ನವ್ವ ನೆಪ್ಪಾದ್ಲು. ಈಗೂ ಆಕಿಗಾಗಿ ಅಲ್ಲ, ನಿನ್ನ ತಕರಾರಿಗೆ ಸಾಕ್ಷಿ ಬೇಕಾಗೇತಿ ಅಂತ."

ತೋಟಪ್ಪ ಎದ್ದು ಹೋಗಿ ಮಗ್ಗದ ಕುಣ್ಯಾಗ ಇಳದ, ಎರಡು ದಿನ ನಾಚಿಕೀಲೆ ಓಣ್ಯಾಗ ಮಾರಿ ತೋರಸಲಿಲ್ಲ. ಮೂರನೇ ದಿನ ಹೊನ್ನವ್ವನ ಬಾಗಲಕ್ಕ ಹ್ವಾದ. ಆಕಿ ಕಂಡಕಿ ಸುತ್ತಗೊಂತ ಕುಂತಿದ್ಲು. ಬಾಜೂಕ ಆರು ವರ್ಷದ ಮೊಮ್ಮಗಳು ಫಕೀರವ್ವ. ಮಗಳು ಬಾಣಂತನದಾಗ ತೀರಿಕೊಂಡಿದ್ಲು, ಅಳಿಯ ಮತ್ತೊಂದು ಮದವಿ ಆಗಿ ಕೈ ತೊಳಕೊಂಡಿದ್ದ. ಕೂಸಿಗೆ ಅಜ್ಜಿನ ಎಲ್ಲಾ.

"ನನ್ನ ಕಡಿಂದ ದೊಡ್ಡ ತಪ್ಪಾತಬೇ. ಹೊಟ್ಟ್ಯಾಗ ಹಾಕ್ಕೊ" ಅಂದ ತೋಟಪ್ಪ, ಹೊಸ್ತಿಲದಾಗ ತಲಿ ಇಟ್ಟು.

ಹೊನ್ನವ್ವ ಕೂಸಿನ್ನ ನೀರು ತರಾಕ ಕಳಿಸಿ, ಆಮ್ಯಾಲ ಮಾತಾಡಿದ್ಲು. "ನನಗ ಅಂದದ್ದು ನಾ ನುಂಗೇನಿ ತೋಟಪ್ಪ. ಮೊನ್ನೆ ಈಕಿನ್ನ ಸಾಲಿಗೆ ಹಾಕೂದಿತ್ತು, ನನಗ ಜ್ವರ ಬಂದಿತ್ತು, ಓಣಿ ಮಂದಿ ಕರಕೊಂಡು ಹ್ವಾದ್ರು. ಅಡ್ಡಹೆಸರೇನು ಅಂತ ಹೊಸ ಕಾರಕೂನ ಕೇಳ್ಯಾನ. ನಿಂತಾವ್ರು ಹೇಳ್ಯಾರ, ಅಂವ ಬರದಾನ. ಫಕೀರವ್ವ ಎಂಜಲ." ಕಂಡಕಿ ಕೆಳಗಿಟ್ಲು. "ಅದನ್ನ ಅಳಸಿ ಬಾ. ಆಮ್ಯಾಲ ಹೊಟ್ಟ್ಯಾಗ ಹಾಕ್ಕೊಳ್ಳೂದು ನೋಡೂಣು."

ನಮ್ಮ ಸೀಮಿಯಾಗ ಹೆಸರು ಹೆತ್ತಾವ್ರು ಇಡತಾರ, ಅಡ್ಡಹೆಸರು ಊರು ಇಡತೈತಿ. ಒಮ್ಮೆ ರಜಿಸ್ಟರಿನ್ಯಾಗ ಕುಂತತಂದ್ರ ಮಕ್ಕಳು ಮರಿಮಕ್ಕಳಿಗೂ ಅದ. ತೋಟಪ್ಪಗ ಇದು ಗೊತ್ತಿಲ್ಲದ್ದೇನಲ್ಲ. ಓಡಿ ಅನಂತ ಮಾಸ್ತರರ ಕಡೆ ಹ್ವಾದ. ಮಾಸ್ತರರು ಪಾಪ, ಮಾರಿ ಸಣ್ಣದು ಮಾಡಿಕೊಂಡು, "ನಾ ರಜಾದ ಮ್ಯಾಲಿದ್ದೆ ತೋಟಪ್ಪ. ಈಗ ತಿದ್ದಬೇಕಂದ್ರ ಪಂಚಾಯ್ತಿ ಅಧ್ಯಕ್ಷರ ಸಹಿ ಬೇಕು" ಅಂದ್ರು.

ಗಾದಿ ಮ್ಯಾಲ ಕುಂತ ಸಾವಕಾರನ ಮುಂದ ತೋಟಪ್ಪ ಕೈಕಟ್ಟಿ ನಿಂತ. "ಒಂದು ಸಹಿ ಹಾಕ್ರಿ ಸಾವಕಾರ್ರ. ನಿಮ್ಮ ಹೆಸರು ಎಂಟು ದಿನದಾಗ ಅಳಸಲಿಲ್ಲೇನ್ರಿ? ಆ ಕೂಸಿಂದೂ ಅಳಸ್ರಿ."

"ನಂದು ಪಂಚಾಯ್ತಿ ಮರ್ಯಾದಿ ಪ್ರಶ್ನೆ. ಆಕಿದು ಊರು ಕರಿಯೂ ಹೆಸರು. ಊರ ಬಾಯಿ ನಾ ಹ್ಯಾಂಗ ಕಟ್ಟಲಿ?" ಸಾವಕಾರ ನಕ್ಕ. "ಮತ್ತ ಆ ಹೆಸರು ಇಟ್ಟಾಂವ ನಾನಲ್ಲ ತೋಟಪ್ಪ. ನೀನು."

ಖರೇ ಮಾತು ಕೆಟ್ಟ ಬಾಯಿಂದ ಬಂದ್ರೂ ಖರೇನ. ತೋಟಪ್ಪ ಅಲ್ಲಿಂದ ಸೀದಾ ಸಂತಿಗೆ ನಡದ. ಎಲ್ಲಿ ಅಂದಿದ್ನೋ ಅಲ್ಲೇ ಅಳಸತೀನಿ ಅಂತ ಹಟ ಹುಟ್ಟಿತು. ಮೈಕು ಇಲ್ಲ, ಕಟ್ಟಿ ಮ್ಯಾಲ ಹತ್ತಿ ಬರೇ ಬಾಯಿಲೆ ಕೂಗಿದ. "ಮಂದೀ ಕೇಳ್ರಿ! ಹೊನ್ನವ್ವಗ ಎಂಜಲ ಅಂದಾಂವ ನಾನು! ಎಂಜಲ ಅಂದದ್ದು ನನ್ನ ತಪ್ಪು! ಆ ಎಂಜಲ ನಾನೂ ಉಂಡೀನಿ! ಇನ್ನ ಮ್ಯಾಲ ಆಕಿಗೆ ಯಾರೂ ಎಂಜಲ ಅನಬ್ಯಾಡ್ರಿ!"

ಕಣ್ಣಾಗ ನೀರು ಸುರೀತಿದ್ವು. ಆದ್ರ ಮಂದಿ ನೋಡಿದ್ದು ಹಾಸ್ಯಗಾರ ತೋಟಪ್ಪನ್ನ. ಠರಾವು ಮುರದು ಮತ್ತ ಆಟ ಸುರು ಮಾಡ್ಯಾನ ಅಂದುಕೊಂಡ್ರು. "ಭಲೇ ತೋಟಪ್ಪ! ಅಳೂದು ಭಾಳ ಚಲೋ ಬಂತು, ಇನ್ನೊಮ್ಮೆ!" ಅಂತ ಚಪ್ಪಾಳಿ ಬಡದ್ರು. ಅಂವ ಎಷ್ಟು ಕೈ ಮುಗದ್ರ ಅಷ್ಟು ನಕ್ಕರು. ಎರಡು ವರ್ಷದಾಗ ಆ ಮಾತು ಮರತಿದ್ದಾವ್ರಿಗೆ ಮತ್ತ ನೆಪ್ಪಾತು. ಹೊರ ಊರಿಂದ ಸಂತಿಗೆ ಬಂದಾವ್ರು, "ಯಾರಪಾ ಈ ಎಂಜಲದಾಕಿ?" ಅಂತ ಕೇಳಿಕೊಂಡು ಹ್ವಾದ್ರು.

ಸಂಜಿಮುಂದ ಮತ್ತ ಹೊನ್ನವ್ವನ ಬಾಗಲಕ್ಕ ಹ್ವಾದ. ಆಕಿಗೆ ಸುದ್ದಿ ಮುಟ್ಟಿತ್ತು. "ನೀ ಸುಮ್ಮನಿದ್ದಿದ್ರ ಸಾಕಿತ್ತಪಾ" ಅಂದು ಕದ ಮುಂದ ಮಾಡಿಕೊಂಡ್ಲು. ಸಿಟ್ಟೂ ಮಾಡಲಿಲ್ಲ. ಸಿಟ್ಟು ಮಾಡಿದ್ದರ ತೋಟಪ್ಪಗ ಎಷ್ಟೋ ಹಗುರ ಅನಸತಿತ್ತು.

ಅವನ ಮಗ್ಗದ ಖೋಲಿ ಮತ್ತ ಸಾಲಿ ನಡುವ ಒಂದ ಗ್ವಾಡಿ. ದಿನಾ ಹನ್ನೊಂದಕ್ಕ ಹಾಜರಿ ಕರಿಯೂದು ಕೇಳತಿತ್ತು. ಫಕೀರವ್ವನ ಸರತಿ ಬಂತಂದ್ರ ತೋಟಪ್ಪ ಮಗ್ಗದ ಸಪ್ಪಳ ಜೋರು ಮಾಡತಿದ್ದ, ಕಿವಿಗೆ ಬೀಳಬಾರದಂತ. ಅನಂತ ಮಾಸ್ತರರಿಗೂ ಆ ಶಬ್ದ ಬಾಯಾಗ ತರಾಕ ಮನಸ್ಸು ಒಪ್ಪತಿರಲಿಲ್ಲ. ಒಂದಿನ ಅದನ್ನ ಬಿಟ್ಟು ಬರೇ "ಫಕೀರವ್ವ" ಅಂದ್ರು. ಆ ಹೊತ್ತಿಗೆ ಮಗ್ಗದಾಗ ಎಳಿ ಹರದು ತೋಟಪ್ಪ ಗಂಟು ಹಾಕಾಕ ಹತ್ತಿದ್ದ, ಮಗ್ಗದ ಸಪ್ಪಳ ನಿಂತಿತ್ತು. ಆ ಕಡಿಂದ ಕೂಸು ಎದ್ದು ನಿಂತು, ಇಡೀ ಓಣಿಗೆ ಕೇಳೂವಂಗ ಕೂಗಿತು:

"ಮಾಸ್ತರ್ರ, ಎಲ್ಲಾರ ಅಡ್ಡಹೆಸರೂ ಕರದ್ರಿ, ನಂದೊಂದ ಬಿಟ್ರಿ! ನಾನು ಫಕೀರವ್ವ ಎಂಜಲರೀ, ಹಾಜರದೀನ್ರೀ!"