ಯೂಕೊ ಎರಡು ಸಲ ಬೇಡ ಎಂದಿದ್ದಳು

ಸಮೋಸದ ಅಂಗಡಿಯ ಮುಂದೆ ಯೂಕೊ ವಿಚಾರಣೆಗೆ ಇಳಿದಳು. ಎಣ್ಣೆ ಯಾವುದು, ಒಳಗೇನಿದೆ, ಅದೇ ಬಾಣಲೆಯಲ್ಲಿ ಇನ್ನೇನು ಕರಿದಿದ್ದೀರಿ? ಬೀದಿ ತಿಂಡಿಗೆ ಇಷ್ಟು ಪ್ರಶ್ನೆ ಕೇಳುವವರನ್ನು ನನ್ನೂರು ಮೈಸೂರಿನಲ್ಲಿ ನಾನು ಕಂಡಿರಲಿಲ್ಲ. ನಾಚಿಕೆಯಾಗಿ ಪಕ್ಕಕ್ಕೆ ಸರಿದೆ.

ತೊಂಬತ್ತರ ದಶಕದ ಕೊನೆ. ಫಾಲೋಫೀಲ್ಡಿನ ಬಾಡಿಗೆ ಮನೆಯಲ್ಲಿ ಅವಳದು ನನ್ನ ಪಕ್ಕದ ಕೋಣೆ, ಇಬ್ಬರೂ ಎಂ.ಎಸ್ಸಿ. ಓದಲು ಮ್ಯಾಂಚೆಸ್ಟರಿಗೆ ಬಂದವರು. ಶನಿವಾರ ಬೆಳಿಗ್ಗೆ, ಭಾರತ-ಪಾಕಿಸ್ತಾನದವರ ಅಂಗಡಿಗಳೇ ತುಂಬಿದ ವಿಲ್ಮ್‌ಸ್ಲೋ ರಸ್ತೆಯುದ್ದಕ್ಕೂ ಮಿಠಾಯಿ, ಸುಟ್ಟ ಜೋಳ, ಕಬಾಬಿನ ಹೊಗೆಯ ನಡುವೆ ಅಲೆಯುತ್ತಿದ್ದೆವು. ಒಸಾಕಾದ ತನ್ನ ಬಡಾವಣೆಯ ‘ಶೋತೆಂಗಾಯ್’ ಬಗ್ಗೆ ಅವಳು ಹೇಳುತ್ತಿದ್ದಳು: ಮೇಲೆ ಚಾವಣಿ ಹೊದಿಸಿದ, ಎರಡೂ ಬದಿ ಪುಟ್ಟ ಅಂಗಡಿಗಳಿರುವ ಬೀದಿ. ಅಲ್ಲಿ ಆಲೂಗಡ್ಡೆಯ ‘ಕೊರೊಕ್ಕೆ’ ಕರಿಯುವ ಅಜ್ಜ ಅವಳನ್ನು ಹುಟ್ಟಿದಾಗಿನಿಂದ ಬಲ್ಲನಂತೆ.

“ಅಲ್ಲಿ ನಾನು ಏನೂ ಕೇಳಬೇಕಿಲ್ಲ. ಕಡಲೆಕಾಯಿ ನನಗೆ ವಿಷ ಅಂತ ಇಡೀ ಬೀದಿಗೆ ಗೊತ್ತು.”

ತರಕಾರಿ ಅಂಗಡಿಯೆದುರು ಗಿರಿಜಕ್ಕ ಸಿಕ್ಕರು. ಹುಬ್ಬಳ್ಳಿಯವರು, ಡಾಕ್ಟರ ಹೆಂಡತಿ. ಯಾರದೋ ಮನೆಗೆ ಒಯ್ಯುತ್ತಿದ್ದ ಡಬ್ಬಿಯ ಮುಚ್ಚಳವನ್ನು ಅಲ್ಲೇ ತೆರೆದರು.

“ಹೋಳಿಗಿ ಐತಿ, ತಗೋರೆವಾ.”

ಯೂಕೊ ತಲೆಬಾಗಿಸಿ ಬೇಡ ಎಂದಳು. ಮತ್ತೆ ಬೇಡ ಎಂದಳು.

“ಏನಂತಾಳ ನಿನ್ನ ಗೆಳತಿ? ನನ್ನ ಕೈ ಅಡಿಗಿಗೆ ಅಂಜತಾಳೇನು?”

ಎರಡು ಸಲ ಬೇಡವೆನ್ನುವುದು ನಮ್ಮಲ್ಲಿ ಮರ್ಯಾದೆ. ಮೂರನೆಯ ಸಲ ಕೊಡುವವರ ಹಕ್ಕು. “ಸ್ವಲ್ಪ ತಿನ್ನು, ಬೇಜಾರು ಮಾಡಿಕೊಳ್ಳುತ್ತಾರೆ” ಎಂದೆ. ಅವಳು ನನ್ನ ಮುಖ ನೋಡಿದಳು. “ಒಳಗೇನು?”

“ಬೇಳೆ, ಬೆಲ್ಲ. ನಮ್ಮೂರಿನದೇ.”

ನಮ್ಮ ಮನೆಯ ಹೋಳಿಗೆಯಲ್ಲಿ ಇನ್ನೇನಿರುತ್ತದೆ? ಗಿರಿಜಕ್ಕನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಎರಡು ತುತ್ತು. ಮೊದಲು ಕತ್ತು ಕೆರೆದುಕೊಂಡಳು. ತುಟಿ ದಪ್ಪವಾಯಿತು. ಆಮೇಲೆ ಉಸಿರಿನಲ್ಲಿ ಒಂದು ಸಣ್ಣ ಶಿಳ್ಳೆ. ಅದು ನನಗೆ ಈಗಲೂ, ಯಾರೂ ಮಾತಾಡದಿರುವಾಗ, ಕೇಳಿಸುತ್ತದೆ. ಗೋಡೆ ಹಿಡಿದು ಕುಸಿದಳು.

ಅಂಗಡಿಯ ಫೋನಿನಲ್ಲಿ ಆಂಬುಲೆನ್ಸಿನವರು ಪೋಸ್ಟ್‌ಕೋಡ್ ಕೇಳಿದರು. ಪ್ರತಿ ವಾರ ನಡೆದ ಬೀದಿ, ನನಗೆ ಗೊತ್ತಿರಲಿಲ್ಲ. ಅಂಗಡಿಯವನೇ ಹೇಳಿಕೊಟ್ಟ. ಏನು ತಿಂದಳು? ಬೇಳೆ ಎಂದೆ. ಖಚಿತವೇ? ಖಚಿತ ಎಂದೆ.

ಗಿರಿಜಕ್ಕ ನನ್ನ ತೋಳು ಹಿಡಿದರು. “ಬ್ಯಾಳಿ ಅಲ್ಲವ್ವಾ. ಶೇಂಗಾ ಹೋಳಿಗಿ ಅದು.”

ನಮ್ಮ ಕಡಲೆಕಾಯಿ.

ಆಂಬುಲೆನ್ಸಿನಲ್ಲಿ ಬಂದವರು ಅವಳ ತೊಡೆಗೆ ಸೂಜಿ ಚುಚ್ಚಿದರು. ಯೂಕೊ ಬದುಕಿದಳು. ಮರುದಿನ ವಾರ್ಡಿನಲ್ಲಿ ಅವಳೇ ನನ್ನ ಕ್ಷಮೆ ಕೇಳಿದಳು. “ಮೂರನೇ ಸಲ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನೀನು ನಿನ್ನೂರಿನದು ಅಂದೆಯಲ್ಲ.”

ಕಳೆದ ಬೇಸಿಗೆ ಮೈಸೂರಿಗೆ ಹೋದಾಗ ಚಿಕ್ಕಮ್ಮ ತಟ್ಟೆ ಮುಂದಿಟ್ಟರು. “ಇದರಲ್ಲಿ ಏನೇನಿದೆ?” ಎಂದೆ.

“ನಮ್ಮನೇಲೇ ಕೇಳ್ತೀಯಲ್ಲೇ, ಪರದೇಶದವಳ ಹಾಗೆ” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಅವರು ಒಂದೊಂದನ್ನೂ ಹೆಸರಿಸುವವರೆಗೆ ತಟ್ಟೆ ಮುಟ್ಟಲಿಲ್ಲ.